ಅರಸೀಕೆರೆಗೆ ಲೈಸೆನ್ಸು, ಬೇಲೂರಿಗೆ ಮೆಷಿನ್ನು

ಮರುಳಪ್ಪನ ಹೊಟ್ಟೆಗೆ ಕಿಚ್ಚು ಹತ್ತಿದ್ದು ಒಂದು ಕ್ಯಾಲೆಂಡರಿನಿಂದ.

ಎರಡು ಸಾವಿರದ ಒಂಬತ್ತನೇ ಇಸವಿ, ಸೆಪ್ಟೆಂಬರ್ ಒಂದು, ಮಂಗಳವಾರ. ಅರಸೀಕೆರೆಯ ಡಿಗ್ರಿ ಕಾಲೇಜಿನ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಗುರುಸಿದ್ದಮ್ಮನವರು ಸ್ಟೂಲು ಹತ್ತಿ ಗೋಡೆಯ ಕ್ಯಾಲೆಂಡರಿನ ಆಗಸ್ಟ್ ಹಾಳೆಯನ್ನು ಹಿಂದಕ್ಕೆ ಮಗುಚಿದರು. ಅದು ಕಾಲೇಜು ನಡೆಸುವ ಟ್ರಸ್ಟೇ ಅಚ್ಚು ಹಾಕಿಸಿದ ಕ್ಯಾಲೆಂಡರು. ಟ್ರಸ್ಟಿಗೆ ಅರಸೀಕೆರೆ, ಬೇಲೂರು, ಹಳೇಬೀಡಿನಲ್ಲಿ ಒಂದೊಂದು ಕಾಲೇಜು. ತಿಂಗಳಿಗೊಂದರಂತೆ ಅವುಗಳ ಫೋಟೋ. ಸೆಪ್ಟೆಂಬರಿನ ಹಾಳೆಯಲ್ಲಿ ಬೇಲೂರು ಕಾಲೇಜಿನ ಭೀಮರಾಜ್ ನಿಂತಿದ್ದ. ಅವನ ಪಕ್ಕದಲ್ಲಿ ಬೀರುವಿನಷ್ಟು ಎತ್ತರದ, ಕಪ್ಪು ಬಣ್ಣದ ಹೊಸ ಸರ್ವರ್ ಕಂಪ್ಯೂಟರು. ಅದಕ್ಕೆ ಸೇವಂತಿಗೆ ಹಾರ, ಅರಿಶಿನ ಕುಂಕುಮ. ಭೀಮರಾಜ್ ಅದರ ಹೆಗಲ ಮೇಲೆ ಕೈಯಿಟ್ಟು, ಸಂತೆಯಿಂದ ಹೊಸ ಹಸು ಹೊಡೆದುಕೊಂಡು ಬಂದವನ ಹಾಗೆ ನಗುತ್ತಿದ್ದ.

“ಎಷ್ಟು ಲಕ್ಷಣವಾಗಿ ಬಂದೈತೆ ನೋಡ್ರಿ ಮರುಳಪ್ನೋರೇ,” ಅಂದರು ಗುರುಸಿದ್ದಮ್ಮ ಸ್ಟೂಲಿನ ಮೇಲಿಂದಲೇ. “ಇಲ್ಲಿದ್ದಾಗ ಕಡ್ಡಿ ಹಂಗಿದ್ದ. ಈಗ ಮೈಕೈ ತುಂಬ್ಕೊಂಡವ್ನೆ.”

“ಅಂಥ ಮೆಷಿನ್ ಪಕ್ಕ ನಿಂತ್ರೆ ಯಾರಾದ್ರೂ ಲಕ್ಷಣವಾಗೇ ಕಾಣ್ತಾರೆ ಮೇಡಂ,” ಅಂದ ಮರುಳಪ್ಪ.

“ನಿಮ್ದೂ ಬಂದಿತ್ತಲ್ಲ, ಮಾರ್ಚಲ್ಲಿ.”

ಬಂದಿತ್ತು. ಮಾರ್ಚ್ ಹಾಳೆಯಲ್ಲಿ ಅರಸೀಕೆರೆಯ ಕಂಪ್ಯೂಟರ್ ಲ್ಯಾಬು, ಸಾಲಾಗಿ ಇಪ್ಪತ್ತು ಕಂಪ್ಯೂಟರು, ಬಲಗಡೆಯ ಅಂಚಿನಲ್ಲಿ ಮರುಳಪ್ಪನ ಮೊಣಕೈ. ಅದು ತನ್ನದೇ ಮೊಣಕೈ ಎಂದು ಹೆಂಡತಿಯನ್ನು ನಂಬಿಸಲು ಅವನು ಅದೇ ಅಂಗಿ ತೊಟ್ಟು, ಅದೇ ಭಂಗಿಯಲ್ಲಿ ನಿಂತು ತೋರಿಸಬೇಕಾಗಿತ್ತು.

ಮರುಳಪ್ಪ ಆ ಲ್ಯಾಬಿನ ಉಸ್ತುವಾರಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಭೀಮರಾಜ್ ಮೊದಲ ಮೂರು ವರ್ಷ ಅವನ ಕೈಕೆಳಗೆ ಸಹಾಯಕನಾಗಿದ್ದವನು. ಮೌಸ್ ಒರೆಸುವುದರಿಂದ ಹಿಡಿದು ವೈರಸ್ ಓಡಿಸುವವರೆಗೆ ಅವನಿಗೆ ಎಲ್ಲವನ್ನೂ ಕಲಿಸಿದವನು ತಾನೇ ಎಂದು ಮರುಳಪ್ಪ ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುತ್ತಿದ್ದ. ಭೀಮರಾಜ್ ಬೇಲೂರಿಗೆ ಹೋದ ಮೇಲೆ ಒಂದೊಂದೇ ಸುದ್ದಿ ಬರತೊಡಗಿತು. ಲ್ಯಾಬಿಗೆ ಏಸಿ ಹಾಕಿಸಿದನಂತೆ. ಪ್ರಿನ್ಸಿಪಾಲರ ಮಗಳ ಲ್ಯಾಪ್‌ಟಾಪು ಕೂತಲ್ಲೇ ಸರಿಮಾಡಿ ಕೊಟ್ಟನಂತೆ. ಕೊನೆಗೆ ಹೊಸ ಸರ್ವರೇ ಬಂತಂತೆ. ಒಂದೊಂದು ‘ಅಂತೆ’ಯೂ ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ ಮರುಳಪ್ಪನ ಹಲ್ಲಿಗೆ ಕಟಕ್ಕೆನ್ನುತ್ತಿತ್ತು.

ಆ ದಿನ ಕಟಕ್ಕೆನ್ನಲು ಇನ್ನೂ ಒಂದು ಕಾರಣವಿತ್ತು. ಮೂರು ಕಾಲೇಜಿಗೂ ಸೇರಿಸಿ ಒಬ್ಬ ಸಿಸ್ಟಮ್ಸ್ ಆಫೀಸರನ್ನು ನೇಮಿಸಬೇಕೆಂದು ಟ್ರಸ್ಟು ತೀರ್ಮಾನಿಸಿತ್ತು. ಹುದ್ದೆ ಮರುಳಪ್ಪನಿಗೆ ಅಥವಾ ಭೀಮರಾಜ್‌ಗೆ. ಟ್ರಸ್ಟಿನ ಕಾರ್ಯದರ್ಶಿ ನಂಜುಂಡಯ್ಯನವರು ಮಧ್ಯಾಹ್ನ ಎರಡೂವರೆಗೆ ಅರಸೀಕೆರೆಗೆ ಬಂದು ಲ್ಯಾಬು ನೋಡಿ, ಅಲ್ಲಿಂದ ಬೇಲೂರಿಗೆ ಹೋಗುವವರಿದ್ದರು.

ಇಬ್ಬರ ಬಲಾಬಲ ಸರಿಸಮ ಎನ್ನಬಹುದಿತ್ತು. ಬೇಲೂರಿಗೆ ಮೆಷಿನ್ನು ಸಿಕ್ಕಿದ್ದರೆ ಅರಸೀಕೆರೆಗೆ ಲೈಸೆನ್ಸು ಸಿಕ್ಕಿತ್ತು. ಅಣ್ಣತಮ್ಮಂದಿರ ಪಾಲಿನಲ್ಲಿ ಒಬ್ಬನಿಗೆ ಬಾವಿ, ಇನ್ನೊಬ್ಬನಿಗೆ ಹಗ್ಗ ಬಂದ ಹಾಗೆ. ಲೈಸೆನ್ಸು ಅಂದರೆ ಫೈರ್‌ವಾಲ್ ಎಂಬ ಸಾಫ್ಟ್‌ವೇರಿನದು. ಇಂಟರ್ನೆಟ್ಟಿನ ಬಾಗಿಲಲ್ಲಿ ಕೂತು, ಒಳಗೆ ಬರುವ ಕಳ್ಳಕಾಕರನ್ನು ತಡೆದು, ಹೊರಗೆ ಹೋಗುವ ಹುಡುಗರನ್ನು ಸಿನಿಮಾ ಪುಟಗಳಿಂದ ಎಳೆದು ತರುವ ಕಾವಲುಗಾರ ಅದು. ದುಬಾರಿ ಮಾಲು, ಟ್ರಸ್ಟು ಒಂದೇ ಒಂದು ಕೊಂಡು, ಹಿರಿಯ ಕಾಲೇಜು ಎಂದು ಅರಸೀಕೆರೆಗೆ ಕೊಟ್ಟಿತ್ತು. ಅದಕ್ಕೆಂದೇ ಬೇರೆ ಕಂಪ್ಯೂಟರು ಕೊಳ್ಳಲಾಗದೆ, ಲ್ಯಾಬಿನ ಹಳೇ ಕಂಪ್ಯೂಟರಿನ ಹೊಟ್ಟೆಯೊಳಗೇ ಇನ್ನೊಂದು ಕಂಪ್ಯೂಟರನ್ನು ಹುಟ್ಟಿಸಿ ಅದರಲ್ಲಿ ಕೂರಿಸಿದ್ದರು. ವರ್ಚುಯಲ್ ಮೆಷಿನ್ ಎಂದು ಅದರ ಹೆಸರು. ಕಣ್ಣಿಗೆ ಕಾಣದು, ಕೈಗೆ ಸಿಗದು. ಆದರೆ ಅದಕ್ಕೂ ಮೆಮೊರಿ ಉಂಟು, ನೆಟ್‌ವರ್ಕ್ ಕಾರ್ಡು ಉಂಟು. ಸ್ಕ್ರೂಡ್ರೈವರು ಬೇಡ, ಮೌಸಿನಲ್ಲೇ ಹಾಕಬಹುದು, ಮೌಸಿನಲ್ಲೇ ಕೀಳಬಹುದು.

ಕೀಳಬಹುದು ಎಂಬುದೇ ಮರುಳಪ್ಪನಿಗೆ ಮುಳುವಾಯಿತು.

ಕ್ಯಾಲೆಂಡರಿನ ಫೋಟೋದ ಕೆಳಗೆ ಸಣ್ಣಕ್ಷರದಲ್ಲಿ ‘ನಾಲ್ಕು ಜಿಬಿ ಮೆಮೊರಿಯ ಅತ್ಯಾಧುನಿಕ ಯಂತ್ರ’ ಎಂದಿತ್ತು. ಮರುಳಪ್ಪನ ಫೈರ್‌ವಾಲಿಗೆ ಇದ್ದದ್ದು ಅರ್ಧ ಜಿಬಿ. ನಂಜುಂಡಯ್ಯನವರು ಬಂದು ‘ನಿಮ್ಮದೆಷ್ಟು’ ಎಂದು ಕೇಳಿದರೆ ಅರ್ಧ ಎಂದು ಹೇಳುವುದು ಹೇಗೆ? ಅವನು ಸೀದಾ ಲ್ಯಾಬಿಗೆ ಹೋದ. ವರ್ಚುಯಲ್ ಮೆಷಿನನ್ನು ನಿಲ್ಲಿಸಿದ. ಮೆಮೊರಿಯನ್ನು ಅರ್ಧದಿಂದ ಎರಡಕ್ಕೆ ಏರಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಕಣ್ಣ ಮುಂದೆ ಸೇವಂತಿಗೆ ಹಾರ ತೂಗಾಡುತ್ತಿತ್ತು. ಹಳೇ ನೆಟ್‌ವರ್ಕ್ ಕಾರ್ಡನ್ನೂ ಅಳಿಸಿ, ಅದರ ಹತ್ತುಪಟ್ಟು ವೇಗದ ಹೊಸದೊಂದನ್ನು ಹಾಕಿ, ಮತ್ತೆ ಚಾಲೂ ಮಾಡಿದ.

ಪರದೆಯ ಮೇಲೆ ಕೆಂಪು ಪಟ್ಟಿ ಮೂಡಿತು. ಅದರಲ್ಲಿದ್ದ ಇಂಗ್ಲಿಷಿನ ಸಾರಾಂಶ ಇಷ್ಟು: ಈ ಲೈಸೆನ್ಸು ಈ ಯಂತ್ರದ್ದಲ್ಲ, ಆದ್ದರಿಂದ ಯಾರನ್ನೂ ಒಳಗೂ ಬಿಡೆ, ಹೊರಗೂ ಬಿಡೆ.

ಮರುಳಪ್ಪನಿಗೆ ಆಗ ನೆನಪಾಯಿತು. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಒಂದು ನಂಬರು ಇರುತ್ತದೆ. ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನಲ್ಲಿ ‘ಎಡಗೆನ್ನೆಯ ಮೇಲೆ ಮಚ್ಚೆ’ ಎಂದು ಬರೆಯುತ್ತಾರಲ್ಲ, ಹಾಗೆ. ಫೈರ್‌ವಾಲಿನ ಲೈಸೆನ್ಸು ಆ ಮಚ್ಚೆ ನೋಡಿಯೇ ಯಂತ್ರವನ್ನು ಗುರುತು ಹಿಡಿಯುತ್ತಿತ್ತು. ಅವನು ಈಗ ಮಚ್ಚೆಯನ್ನೇ ಕೆರೆದು ಹಾಕಿದ್ದ.

ಐದು ನಿಮಿಷದಲ್ಲಿ ಗುರುಸಿದ್ದಮ್ಮ ಬಾಗಿಲಲ್ಲಿ ಬಂದು ನಿಂತರು. “ಏನ್ರೀ ಇದು, ಯೂನಿವರ್ಸಿಟಿ ವೆಬ್‌ಸೈಟೇ ತೆಗೀತಾ ಇಲ್ಲ. ಪರೀಕ್ಷೆ ಅರ್ಜಿ ಕಳ್ಸೋಕೆ ಇವತ್ತು ನಾಕು ಗಂಟೆ ಕಡೇ ಟೈಮು. ನೂರಾ ಎಂಬತ್ತಾರು ಮಕ್ಕಳದು ಐತೆ.”

“ಎರಡೇ ನಿಮಿಷ ಮೇಡಂ. ಸ್ವಲ್ಪ ವೇಗ ಜಾಸ್ತಿ ಮಾಡ್ತಾ ಇದೀನಿ.”

“ವೇಗ ಆಮ್ಯಾಕಾಗ್ಲಿ. ಮೊದ್ಲು ಓಡೋ ಹಂಗೆ ಮಾಡ್ರಿ.”

ಅವರ ಬೆನ್ನ ಹಿಂದೆಯೇ ಫಿಸಿಕ್ಸ್ ಮೇಷ್ಟ್ರು ದೇವೀರಪ್ಪ ಬಂದರು. ಕಾಲೇಜಿನಲ್ಲಿ ಎಲ್ಲಿ ಏನು ಕೆಟ್ಟರೂ, ಬೆಲ್ಲ ಬಿದ್ದ ಕಡೆಗೆ ಇರುವೆ ಬರುವಂತೆ ಬರುವ ಮನುಷ್ಯ. “ಆಫ್ ಮಾಡಿ ಆನ್ ಮಾಡ್ರಿ,” ಅಂದರು.

ಮರುಳಪ್ಪ ಆಫ್ ಮಾಡಿ ಆನ್ ಮಾಡಿದ. ಕೆಂಪು ಪಟ್ಟಿ ಬಂತು.

“ಇನ್ನೊಂದು ಸಲ.”

ಮೂರನೇ ಸಲಕ್ಕೆ ದೇವೀರಪ್ಪ ಬೇರೆ ಸಿದ್ಧಾಂತ ತೆಗೆದರು. “ಕಿತ್ತ ಕಾರ್ಡನ್ನೇ ವಾಪಸ್ ಹಾಕ್ರಿ ಮತ್ತೆ.”

“ಅದು ವಸ್ತು ಅಲ್ಲ ಮೇಷ್ಟ್ರೇ, ಡ್ರಾಯರ್‌ನಲ್ಲಿ ಇಟ್ಕೊಂಡಿರೋಕೆ. ಅಳಿಸಿದ ತಕ್ಷಣ ಹೋಯ್ತು. ಮತ್ತೆ ಹಾಕಿದ್ರೆ ಪ್ರತಿ ಸಲ ಹೊಸ ನಂಬರ್ ಹುಟ್ಟುತ್ತೆ.”

“ಹಂಗಾದ್ರೆ ಈ ಕಾವಲುಗಾರನ್ನೇ ಎತ್ತಿ ಪಕ್ಕಕ್ಕಿಡ್ರಿ. ಟೆಲಿಫೋನ್ ಲೈನ್ ನೇರವಾಗಿ ಕಂಪ್ಯೂಟರಿಗೆ ಚುಚ್ಚಿ. ಇವತ್ತೊಂದು ದಿನ ಕಳ್ಳರು ಬಂದ್ರೆ ಬರ್ಲಿ.”

ಅದೂ ಆಯಿತು. ಲೈನು ಪಾಸ್‌ವರ್ಡ್ ಕೇಳಿತು. ಅದನ್ನು ನಾಲ್ಕು ವರ್ಷದ ಹಿಂದೆ ಫೈರ್‌ವಾಲಿನೊಳಗೆ ಹಾಕಿದವರು ಯಾರೆಂದು ಯಾರಿಗೂ ನೆನಪಿರಲಿಲ್ಲ; ಫೈರ್‌ವಾಲು ಬಾಯಿ ಬಿಡುತ್ತಿರಲಿಲ್ಲ. ಸತ್ತ ಯಜಮಾನ ತಿಜೋರಿಯ ಬೀಗದ ಕೈಯನ್ನು ತಿಜೋರಿಯೊಳಗೇ ಇಟ್ಟು ಹೋದಂತಾಗಿತ್ತು. ದೇವೀರಪ್ಪ ತಮಗೆ ತೋಚಿದ ಹದಿನಾಲ್ಕು ಪಾಸ್‌ವರ್ಡುಗಳನ್ನು ಹಾಕಿ ನೋಡಿದರು. ಅದರಲ್ಲಿ ಒಂಬತ್ತು ಅವರ ಮೊಮ್ಮಗಳ ಹೆಸರೇ.

ಮರುಳಪ್ಪ ಫೈರ್‌ವಾಲ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ. ಹದಿನೆಂಟು ನಿಮಿಷ ಸಂಗೀತ ಕೇಳಿಸಿದ ಮೇಲೆ ಹೆಣ್ಣು ದನಿಯೊಂದು ಬಹಳ ಮರ್ಯಾದೆಯಿಂದ, ಹೊಸ ಯಂತ್ರಕ್ಕೆ ಲೈಸೆನ್ಸು ಬದಲಾಯಿಸಲು ಅರ್ಜಿ ಹಾಕಬೇಕು, ಮೂರು ಕೆಲಸದ ದಿನ ಆಗುತ್ತದೆ ಎಂದಿತು. ಇವತ್ತು ನಾಲ್ಕು ಗಂಟೆಗೆ ಮೂರು ದಿನ ಆಗುವುದಿಲ್ಲವಲ್ಲ ಎಂದು ಮರುಳಪ್ಪ ಅಂದದ್ದಕ್ಕೆ ಅದು, ಕರೆ ಮಾಡಿದ್ದಕ್ಕೆ ಧನ್ಯವಾದ ಹೇಳಿತು.

ಅರ್ಜಿಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಸೈಬರ್ ಸೆಂಟರಿಗೆ ಓಡಿದ. ಅದರ ಮಾಲೀಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ. “ಕರೆಂಟಿಲ್ಲ ಸಾ. ಲೋಡ್ ಶೆಡ್ಡಿಂಗು. ನಾಕು ಗಂಟೆಗೆ ಬರ್ತದೆ.”

ಊರಿನಲ್ಲೆಲ್ಲ ಕರೆಂಟು ಇದ್ದದ್ದು ಜನರೇಟರು ಇದ್ದ ಕಾಲೇಜಿನಲ್ಲಿ ಮಾತ್ರ. ಕಾಲೇಜಿನಲ್ಲಿ ಇಲ್ಲದ್ದು ಇಂಟರ್ನೆಟ್ಟು ಮಾತ್ರ. ಮರುಳಪ್ಪ ಬೆವರೊರೆಸಿಕೊಂಡು ವಾಪಸು ಬಂದಾಗ ಹನ್ನೆರಡೂವರೆ. ಲ್ಯಾಬಿನಲ್ಲಿ ಗುರುಸಿದ್ದಮ್ಮ, ದೇವೀರಪ್ಪ ಇಬ್ಬರೂ ಕೆಂಪು ಪಟ್ಟಿಯ ಎದುರು, ಜ್ವರದ ರೋಗಿಯ ಪಕ್ಕ ಕೂತ ನೆಂಟರಂತೆ ಕೂತಿದ್ದರು.

“ಭೀಮರಾಜ್‌ಗೆ ಒಂದು ಫೋನ್ ಹಾಕ್ರಿ,” ಅಂದರು ಗುರುಸಿದ್ದಮ್ಮ.

“ಅವನಿಗೇನ್ ಗೊತ್ತು ಮೇಡಂ?”

“ನಿಮಗೆ ಗೊತ್ತಿಲ್ದೇ ಇರೋದು ಅವನಿಗೆ ಗೊತ್ತಿರ್ಬೋದು. ನಾನೇ ಮಾಡ್ತೀನಿ ತಡೀರಿ.”

“ಬೇಡ ಮೇಡಂ,” ಅಂದ ಮರುಳಪ್ಪ ಅವರ ಕೈಯಿಂದ ರಿಸೀವರನ್ನು ತೆಗೆದು ಇಡುತ್ತ. ಇವತ್ತೇ, ಈ ದಿನವೇ, ಅವನ ಸಹಾಯ ಕೇಳುವುದೆಂದರೆ ಅವನ ಕೊರಳಿಗೆ ತಾನೇ ಹಾರ ಹಾಕಿದಂತೆ. ಇನ್ನೆರಡು ಗಂಟೆಗೆ ನಂಜುಂಡಯ್ಯನವರ ಕಿವಿಗೆ ಬಿದ್ದೇ ಬೀಳುತ್ತಿತ್ತು. “ನನಗೊಂದು ಉಪಾಯ ಹೊಳೀತು. ಹತ್ತು ನಿಮಿಷ ಕೊಡಿ.”

ಉಪಾಯ ಇಷ್ಟೇ. ಕಾಲೇಜಿನ ಗೇಟಿನೆದುರು ಮಾರಮ್ಮನ ಪೆಟ್ಟಿಗೆ ಅಂಗಡಿಯಲ್ಲಿ ಕಾಯಿನ್ ಫೋನ್ ಇತ್ತು. ತನ್ನ ಮೊಬೈಲಿನಿಂದ ಮಾಡಿದರೆ ಭೀಮರಾಜ್‌ಗೆ ಗೊತ್ತಾಗುತ್ತದೆ, ಇಲ್ಲಿಂದ ಗೊತ್ತಾಗುವುದಿಲ್ಲ. ಮರುಳಪ್ಪ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಬಾಯಿಗೆ ಅಡ್ಡ ಹಿಡಿದು ನಂಬರು ಒತ್ತಿದ.

“ಹಲ್ನೋವಾ ಸಾ?” ಅಂದಳು ಮಾರಮ್ಮ. “ಲವಂಗ ಕೊಡ್ಲಾ?”

ಮರುಳಪ್ಪ ಕೈಸನ್ನೆ ಮಾಡಿ ಅವಳನ್ನು ಸುಮ್ಮನಾಗಿಸಿದ. ಆ ಕಡೆ ಭೀಮರಾಜ್ ಎತ್ತಿಕೊಂಡ.

“ನಮಸ್ಕಾರ. ನಾನು ಕಡೂರಿನಿಂದ ಮಾತಾಡ್ತಿರೋದು. ಕೆಂಚಪ್ಪ ಅಂತ. ಇಲ್ಲೊಂದು ಕಾಲೇಜಲ್ಲಿ ಲ್ಯಾಬ್ ನೋಡ್ಕೋತೀನಿ.” ಕರ್ಚೀಫಿನೊಳಗಿಂದ ದನಿ, ಮಡಕೆಯೊಳಗೆ ಸಿಕ್ಕಿಕೊಂಡ ಬೆಕ್ಕಿನದರಂತೆ ಬಂತು. “ವರ್ಚುಯಲ್ ಮೆಷಿನ್ನಲ್ಲಿ ಫೈರ್‌ವಾಲ್ ಇತ್ತು. ನಮ್ಮ ಹುಡುಗ ಒಬ್ಬ ದಡ್ಡ, ಸೆಟ್ಟಿಂಗ್ ಮುಟ್ಟಿ ಲೈಸೆನ್ಸ್ ಕಳೆದುಬಿಟ್ಟ.”

“ಅಯ್ಯೋ, ಅವನಿಗೆ ಬೈಬೇಡಿ ಸರ್,” ಅಂದ ಭೀಮರಾಜ್. “ಎಲ್ಲರೂ ಒಂದು ಸಲ ಮಾಡೋ ತಪ್ಪೇ ಅದು. ಏನ್ ಮುಟ್ಟಿದ? ಮೆಮೊರಿನೋ, ಕಾರ್ಡೋ?”

“ಎರಡೂ.”

“ಮೆಮೊರಿಯಿಂದ ಏನೂ ತೊಂದ್ರೆ ಇಲ್ಲ ಸರ್. ಎಷ್ಟು ಏರಿಸಿದ್ರೂ ಆ ಸಾಫ್ಟ್‌ವೇರ್ ತಲೆ ಕೆಡಿಸ್ಕೊಳ್ಳಲ್ಲ. ಅದು ನೋಡೋದು ಕಾರ್ಡಿನ ನಂಬರ್ ಒಂದನ್ನೇ. ಮೆಷಿನ್ ನಿಲ್ಸಿ, ಅದರ ಫೋಲ್ಡರ್‌ನಲ್ಲಿ ಸೆಟ್ಟಿಂಗ್ಸ್ ಫೈಲ್ ಇರುತ್ತೆ, ಅದನ್ನ ನೋಟ್‌ಪ್ಯಾಡಲ್ಲಿ ತೆಗೀರಿ. ನಂಬರ್ ತಾನಾಗೇ ಹುಟ್ಟೋದು ಬೇಡ, ನಾನು ಕೊಟ್ಟಿದ್ದೇ ಇರ್ಲಿ ಅಂತ ಬದಲಾಯ್ಸಿ, ಹಳೇ ಕಾರ್ಡಿನ ನಂಬರನ್ನ ಅಲ್ಲಿ ಬರೀರಿ. ಹೊಸ ಕಾರ್ಡೇ ಆದ್ರೂ ಹಳೇ ಕಾರ್ಡು ಅಂತ ನಂಬ್ಕೊಂಡು ಬಾಗಿಲು ತೆಗೆಯುತ್ತೆ.”

“ಹಳೇ ನಂಬರ್ ಬರೆದಿಟ್ಕೊಂಡಿಲ್ಲ.”

“ಕಂಪನಿಯೋರು ಕಳಿಸಿದ ಲೈಸೆನ್ಸ್ ಸರ್ಟಿಫಿಕೇಟ್ ಇದೆಯಲ್ಲ, ಅದರ ಕಟ್ಟಕಡೇ ಸಾಲು ನೋಡಿ. ಹನ್ನೆರಡು ಅಕ್ಷರ ಇರುತ್ತೆ. ಅದೇ.”

ಇಷ್ಟು ಸುಲಭದ್ದು ತನಗೆ ಹೊಳೆಯದೆ ಇವನಿಗೆ ಗೊತ್ತಿದೆಯಲ್ಲ ಎಂದು ಮರುಳಪ್ಪನಿಗೆ ಕರ್ಚೀಫಿನೊಳಗೇ ಉರಿ ಹತ್ತಿತು. “ಇದನ್ನೆಲ್ಲ ಎಲ್ಲಿ ಕಲಿತ್ರಿ ನೀವು?” ಎಂದು ಕೇಳಿಯೇ ಬಿಟ್ಟ.

“ಅರಸೀಕೆರೆಯಲ್ಲಿ ಮರುಳಪ್ಪ ಸರ್ ಅಂತ ಇದಾರೆ ಸರ್. ಕಾರ್ಡಿಗೊಂದು ನಂಬರ್ ಇರುತ್ತೆ, ಅದೇ ಅದರ ಮಚ್ಚೆ ಅಂತ ಮೊದಲ ದಿನವೇ ಹೇಳ್ಕೊಟ್ಟಿದ್ರು. ನಿಮಗೆ ಕಡೂರಿಂದ ಅವರೇ ಹತ್ರ ಆಗ್ತಿದ್ರು. ಅವರನ್ನೇ ಕೇಳಿದ್ರೆ ನನಗಿಂತ ಚೆನ್ನಾಗಿ ಹೇಳ್ತಿದ್ರು.”

ಮರುಳಪ್ಪ ಫೋನಿಟ್ಟ. ಹೊಗಳಿಕೆ ಕೇಳಿ ಸಂತೋಷವಾಗಬೇಕಿತ್ತು. ಆದರೆ ಗುರು ಮರೆತದ್ದನ್ನು ಶಿಷ್ಯ ನೆನಪಿಟ್ಟುಕೊಂಡಿದ್ದಾನಲ್ಲ ಎಂದು ಇನ್ನೊಂದು ಸುತ್ತು ಉರಿಯಿತು. ಮಾರಮ್ಮ ಕಾಗದದಲ್ಲಿ ಎರಡು ಲವಂಗ ಮಡಿಸಿ ಕೊಟ್ಟಳು. ಬೇಡವೆಂದರೆ ಕರ್ಚೀಫಿಗೆ ಬೇರೆ ಕಾರಣ ಹೇಳಬೇಕಾದೀತೆಂದು ಅವನು ಅದನ್ನು ಬಾಯಿಗೆ ಹಾಕಿಕೊಂಡ.

ಸರ್ಟಿಫಿಕೇಟು ಹುಡುಕಲು ಕಷ್ಟವಾಗಲಿಲ್ಲ. ಅದು ಗುರುಸಿದ್ದಮ್ಮನವರ ಕುರ್ಚಿಯ ಹಿಂದಿನ ಗೋಡೆಯ ಮೇಲೇ ಇತ್ತು, ಕಟ್ಟು ಹಾಕಿಸಿಕೊಂಡು, ಲಕ್ಷ್ಮಿಯ ಪಟದ ಪಕ್ಕದಲ್ಲಿ.

“ಚಿನ್ನದ ಅಂಚು ಇತ್ತು, ಕಾಲೇಜಿಗೆ ಏನೋ ಬಹುಮಾನ ಬಂದೈತೆ ಅಂತ ಕಟ್ಟು ಹಾಕ್ಸಿದ್ದೆ,” ಅಂದರು ಅವರು. “ದಿನಾ ಒಂದು ಹೂವನ್ನೂ ಇಡ್ತೀನಿ.”

ಕಟ್ಟಿನವನು ಅಳತೆಗೆ ಹೊಂದಿಸಲು ಕಡೇ ಸಾಲನ್ನು ಮರದ ಚೌಕಟ್ಟಿನೊಳಗೆ ತಳ್ಳಿದ್ದ. ಮರುಳಪ್ಪ ಹಿಂದಿನ ಮೊಳೆಗಳನ್ನು ಮೆಲ್ಲಗೆ ಬಿಡಿಸಬೇಕೆಂದುಕೊಳ್ಳುವಷ್ಟರಲ್ಲಿ ದೇವೀರಪ್ಪ, “ಇದಕ್ಕೆ ಸನ್ನೆಕೋಲಿನ ತತ್ವ ಸಾಕು,” ಎಂದು ಸ್ಕ್ರೂಡ್ರೈವರ್ ತೂರಿಸಿ ಮೀಟಿದರು. ಗಾಜು ಮೂರು ತುಂಡಾಯಿತು. ಗುರುಸಿದ್ದಮ್ಮ ಲಕ್ಷ್ಮಿಯ ಪಟವನ್ನು ಎತ್ತಿ ಎದೆಗೊತ್ತಿಕೊಂಡು ನಿಂತರು.

ನಂಬರು ಸಿಕ್ಕಿತು. ಹನ್ನೊಂದು ಅಕ್ಷರ ಸ್ಪಷ್ಟವಾಗಿತ್ತು. ಹನ್ನೆರಡನೆಯದರ ಮೇಲೆ ಕಟ್ಟಿನವನ ಅಂಟು ಹರಡಿ ಅದು ಇಂಗ್ಲಿಷಿನ ಬಿ ಅಕ್ಷರವೋ ಎಂಟೋ ತಿಳಿಯದಾಗಿತ್ತು.

“ಎಂಟು,” ಅಂದರು ದೇವೀರಪ್ಪ, ಬೆಳಕಿಗೆ ಹಿಡಿದು. “ಇಪ್ಪತ್ತಾರು ವರ್ಷದಿಂದ ಮಾಪನ ಪಾಠ ಮಾಡ್ತಿದೀನಿ.”

ಮರುಳಪ್ಪ ಭೀಮರಾಜ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿ, ಕೊನೆಗೆ ಎಂಟು ಹಾಕಿದ. ಕೆಂಪು ಪಟ್ಟಿ. ಗುರುಸಿದ್ದಮ್ಮ ಲಕ್ಷ್ಮಿಗೆ ಹಣ್ಣುಕಾಯಿ ಹೇಳಿಕೊಂಡರು. ಬಿ ಹಾಕಿದ. ಪರದೆ ಒಂದು ಗಳಿಗೆ ಯೋಚಿಸಿತು. ಕೆಂಪು ಹೋಗಿ ಹಸಿರಾಯಿತು.

ಒಂದು ಗಂಟೆ ಹತ್ತು ನಿಮಿಷ. ಗುರುಸಿದ್ದಮ್ಮ ಊಟಕ್ಕೂ ಏಳದೆ ಅರ್ಜಿಗಳನ್ನು ಕಳಿಸಲು ಕೂತರು. ಎರಡು ಇಪ್ಪತ್ತಕ್ಕೆ ನೂರಾ ಎಂಬತ್ತಾರನೆಯದು ಹೋಯಿತು. ಹಸಿರು ಪಟ್ಟಿಯ ಎದುರು ಕೂತ ಮರುಳಪ್ಪನಿಗೆ ಈಗ ಬೇರೆಯೇ ಹುರುಪು. 

“ಕಾರ್ಯದರ್ಶಿಗಳು ಬಂದಾಗ ಬೆಳಿಗ್ಗೆ ನಡೆದದ್ದೆಲ್ಲ ಹೇಳೋದು ಬೇಡ ಅಲ್ವಾ ಮೇಡಂ,” ಅಂದ.

“ನಾವ್ಯಾಕೆ ಹೇಳಾನ,” ಅಂದರು ಗುರುಸಿದ್ದಮ್ಮ. “ಗಾಜಿನ ವಿಷಯಾನೂ ಬರಲ್ವಾ ಆಗ.”

ನಂಜುಂಡಯ್ಯನವರು ಎರಡೂವರೆಗೆ ಸರಿಯಾಗಿ ಬಂದರು. ಬಿಳಿ ಪಂಚೆ, ಕಂಕುಳಲ್ಲಿ ಚರ್ಮದ ಬ್ಯಾಗು. ಮಾತು ಕಮ್ಮಿ, ನೋಟ ಜಾಸ್ತಿ. ಲ್ಯಾಬು ಸುತ್ತಿ, ಕೊನೆಗೆ ಫೈರ್‌ವಾಲಿನ ಎದುರು ನಿಂತರು. “ಇದೇ ಏನ್ರೀ ಲೈಸೆನ್ಸಿಂದು?”

“ಇದೇ ಸರ್. ಇವತ್ತು ಬೆಳಿಗ್ಗೆಯಷ್ಟೇ ಇದರ ಶಕ್ತಿ ನಾಲ್ಕುಪಟ್ಟು ಮಾಡಿದೀನಿ. ಮೆಮೊರಿ ಏರಿಸಿದೆ, ನೆಟ್‌ವರ್ಕ್ ಕಾರ್ಡನ್ನೇ ಬದಲಾಯಿಸಿದೆ. ಟ್ರಸ್ಟಿಗೆ ಒಂದು ಪೈಸೆ ಖರ್ಚಿಲ್ಲ.”

ನಂಜುಂಡಯ್ಯನವರು ಕನ್ನಡಕ ಸರಿಮಾಡಿಕೊಂಡರು. “ಕಾರ್ಡು ಬದಲಾಯ್ಸಿದ್ರೂ ಲೈಸೆನ್ಸು ಉಳೀತಾ?”

“ಉಳಿಸಿದೆ ಸರ್. ಬೇರೆಯೋರು ಮುಟ್ಟಿದ್ರೆ ಹೋಗ್ತಿತ್ತು. ಅದಕ್ಕೊಂದು ವಿದ್ಯೆ ಇದೆ.”

“ಅಂದ್ರೆ ಈ ಯಂತ್ರಕ್ಕೇ ಅಂಟ್ಕೊಂಡಿಲ್ವಾ ಅದು?”

“ಯಂತ್ರ ಎಲ್ಲಿದೆ ಸರ್? ಇದೊಂದು ಫೈಲು ಅಷ್ಟೇ.” ಮರುಳಪ್ಪನಿಗೆ ಈಗ ತಡೆಯೇ ಇಲ್ಲ. ಹನ್ನೊಂದು ವರ್ಷದಲ್ಲಿ ಕಾರ್ಯದರ್ಶಿಗಳು ಅವನನ್ನು ಮೂರು ಪ್ರಶ್ನೆ ಒಟ್ಟಿಗೆ ಕೇಳಿದ್ದು ಇದೇ ಮೊದಲು. “ಡಿಸ್ಕಿಗೆ ಹಾಕ್ಕೊಂಡು ಇನ್ನೊಂದು ಕಂಪ್ಯೂಟರಲ್ಲಿ ಇಟ್ರೂ ಹಿಂಗೇ ಓಡುತ್ತೆ.”

“ಬೇರೆ ಊರಿನ ಕಂಪ್ಯೂಟರಲ್ಲಿ?”

“ಅಮೆರಿಕಾಕ್ಕೆ ಒಯ್ದಿಟ್ರೂ ಓಡುತ್ತೆ ಸರ್.”

“ಅಮೆರಿಕಾ ಯಾಕ್ರೀ,” ಅಂದರು ನಂಜುಂಡಯ್ಯನವರು. “ಬೇಲೂರಿಗೆ ಹೋದ್ರೆ ಸಾಕು.”



ನಂಜುಂಡಯ್ಯನವರ ಮುಖ ಮೊದಲ ಸಲ ಅರಳಿತ್ತು. “ನೋಡ್ರಿ, ಅಷ್ಟು ದೊಡ್ಡ ಮೆಷಿನ್ ಬೇಲೂರಲ್ಲಿ ತಂದು ಕೂರ್ಸಿದೀವಿ. ಈ ಲೈಸೆನ್ಸನ್ನೂ ಅದರಲ್ಲೇ ಹಾಕಿ, ಮೂರು ಕಾಲೇಜನ್ನೂ ಅಲ್ಲಿಂದ್ಲೇ ನಡೆಸ್ಬೇಕು ಅನ್ನೋದು ನಮ್ಮ ಕಮಿಟಿಯೋರ ಆಸೆ. ಆದ್ರೆ ಅದು ಅರಸೀಕೆರೆ ಯಂತ್ರಕ್ಕೆ ಅಂಟ್ಕೊಂಡ್ಬಿಟ್ಟಿದೆ, ಅಲ್ಲಾಡಿಸಿದ್ರೆ ಕೈಬಿಟ್ಟು ಹೋಗುತ್ತೆ ಅಂತ ಹೇಳಿದ್ರು. ಬೇರೆ ದಾರಿ ಇಲ್ದೆ ಅರಸೀಕೆರೆಯನ್ನೇ ಕೇಂದ್ರ ಮಾಡೋಣ ಅಂತಾಯ್ತು. ನಿಮ್ಮ ಹೆಸರಿಗೆ ಸಿಸ್ಟಮ್ಸ್ ಆಫೀಸರ್ ಆರ್ಡರ್ ಕೂಡ ಟೈಪ್ ಮಾಡ್ಸಿ ತಂದಿದ್ದೆ.”

ಅವರು ಬ್ಯಾಗು ತೆರೆದು ಉದ್ದನೆಯ ಲಕೋಟೆಯೊಂದನ್ನು ಅರ್ಧ ಹೊರಗೆಳೆದು ತೋರಿಸಿದರು. ಮೇಲೆ ಮರುಳಪ್ಪನ ಹೆಸರು, ಇನಿಷಿಯಲ್ ಸಮೇತ, ದಪ್ಪಕ್ಷರದಲ್ಲಿತ್ತು. ಅವನು ಕೈ ಚಾಚುವ ಮೊದಲೇ ಅದು ಮತ್ತೆ ಒಳಗೆ ಹೋಯಿತು.

“ಇನ್ನು ಇದರಲ್ಲಿ ಹೆಸರು ತಿದ್ದಿಸ್ಬೇಕು. ಕೇಂದ್ರ ಬೇಲೂರಲ್ಲಿದ್ರೆ ಆಫೀಸರೂ ಬೇಲೂರಲ್ಲೇ ಇರ್ಬೇಕಲ್ಲ. ಒಳ್ಳೇ ಸಮಯಕ್ಕೆ ನಿಜ ಹೇಳಿದ್ರಿ ಮರುಳಪ್ಪ.”

“ಸರ್, ಆದರೆ…” ಮರುಳಪ್ಪ ಗೋಡೆ ನೋಡಿದ, ಸೂರು ನೋಡಿದ. “ಬೇಲೂರಿನ ಹವಾ ಈ ಸಾಫ್ಟ್‌ವೇರಿಗೆ ಆಗಲ್ಲ ಸರ್. ಯಗಚಿ ನದಿ ಹತ್ರ ಬೇರೆ. ತೇವ ಜಾಸ್ತಿ.”

“ಅಲ್ಲಿ ಏಸಿ ಐತಲ್ರೀ,” ಅಂದರು ದೇವೀರಪ್ಪ ಹಿಂದಿನಿಂದ. ಬೆಳಗಿನಿಂದ ಅವರು ಕೊಟ್ಟ ಸಲಹೆಗಳಲ್ಲಿ ಸರಿಯಾಗಿದ್ದದ್ದು ಅದೊಂದೇ.

“ಮತ್ತೆ ಆ ವಿದ್ಯೆ ನಿಮಗೊಬ್ಬರಿಗೇ ಗೊತ್ತಿರೋದಲ್ವಾ,” ಅಂದರು ನಂಜುಂಡಯ್ಯನವರು. “ಡಿಸ್ಕಿಗೆ ತುಂಬ್ಕೊಳ್ಳಿ. ನನ್ನ ಕಾರಲ್ಲೇ ಬನ್ನಿ. ನೀವೇ ನಿಂತು ಹಾಕಿ ಕೊಟ್ಬಿಡಿ.”

ಮೂರೂಕಾಲಿಗೆ ಕಾರು ಹೊರಟಿತು. ಮುಂದಿನ ಸೀಟಿನಲ್ಲಿ ನಂಜುಂಡಯ್ಯನವರು ಜಾವಗಲ್ ದಾಟುವ ಮೊದಲೇ ನಿದ್ದೆ ಹೋದರು. ಹಿಂದಿನ ಸೀಟಿನಲ್ಲಿ ಮರುಳಪ್ಪ ಡಿಸ್ಕನ್ನು ಮೊಸರಿನ ಗಡಿಗೆಯಂತೆ ತೊಡೆಯ ಮೇಲೆ ಎರಡು ಕೈಯಲ್ಲೂ ಹಿಡಿದು ಕೂತಿದ್ದ. ಗುಂಡಿಗೆ ಕಾರು ಇಳಿದಾಗಲೆಲ್ಲ, ಕೈ ಜಾರಿ ಬಿದ್ದರೆ ಯಾರೂ ಏನೂ ಅನ್ನಲಾರರು ಎಂಬ ಯೋಚನೆ ಬರುತ್ತಿತ್ತು. ಬಸ್ತಿಹಳ್ಳಿಯ ಹತ್ತಿರ ದೊಡ್ಡ ಗುಂಡಿಯೊಂದರಲ್ಲಿ ಅವನು ನಿಜವಾಗಿಯೂ ಕೈ ಸಡಿಲ ಬಿಟ್ಟ. ಡಿಸ್ಕು ಸೀಟಿನ ಮೇಲೆ ಮೆತ್ತಗೆ ಬಿದ್ದು, ಏನೂ ಆಗದೆ, ಅಲ್ಲೇ ಕೂತಿತು. ಹಳೇಬೀಡಿನಲ್ಲಿ ಹಳದಿ ಸ್ವೆಟರಿನ ಪ್ರವಾಸಿಗಳು ರಸ್ತೆ ದಾಟುವವರೆಗೆ ಕಾರು ನಿಂತಿತು. ಬೇಲೂರು ತಲುಪಿದಾಗ ಐದು ಗಂಟೆ.

ಭೀಮರಾಜ್ ಗೇಟಿಗೇ ಓಡಿ ಬಂದ. ಮರುಳಪ್ಪನ ಕೈಯಿಂದ ಡಿಸ್ಕು ತೆಗೆದುಕೊಂಡ, ತನ್ನ ಕುರ್ಚಿಯನ್ನೇ ಒರೆಸಿ ಕೂರಿಸಿದ, ಕಾಫಿ ತರಿಸಿದ. ನಂಜುಂಡಯ್ಯನವರು, ಲೈಸೆನ್ಸು ಬೇಲೂರಿಗೆ ಬಂತು, ಆಫೀಸರು ನೀನೇ ಎಂದಷ್ಟೇ ಹೇಳಿದಾಗ ಮಾತ್ರ ಅವನ ಮುಖ ಯಾಕೋ ಸಪ್ಪಗಾಯಿತು. ಅವರು ಪ್ರಿನ್ಸಿಪಾಲರ ಕೋಣೆಗೆ ಹೋದ ಮೇಲೆ ಇಬ್ಬರೂ ಸೇರಿ ಕೆಲಸ ಶುರುಮಾಡಿದರು. ಕಪ್ಪು ಸರ್ವರು ಫೋಟೋದಲ್ಲಿದ್ದದ್ದಕ್ಕಿಂತ ದೊಡ್ಡದಿತ್ತು. ಏಸಿಯ ಗಾಳಿಗೆ ಮರುಳಪ್ಪನ ಬೆವರು ಹನ್ನೊಂದು ವರ್ಷದಲ್ಲಿ ಮೊದಲ ಸಲ ಲ್ಯಾಬಿನೊಳಗೆ ಆರಿತು. ಪರದೆಯ ಮೇಲೆ ನಕಲು ಆಗುವ ನೀಲಿ ಪಟ್ಟಿ ಮೆಲ್ಲಗೆ ತೆವಳತೊಡಗಿತು.

“ನನಗೆ ಒಂದು ಅರ್ಥ ಆಗ್ತಿಲ್ಲ ಸರ್,” ಅಂದ ಭೀಮರಾಜ್ ದನಿ ತಗ್ಗಿಸಿ. “ಅರಸೀಕೆರೆ ಮೆಷಿನ್ ಮುಟ್ಟಿದ್ರೆ ಲೈಸೆನ್ಸು ಸತ್ತೇ ಹೋಗುತ್ತೆ ಅಂತ ಸೆಕ್ರೆಟರಿಯವ್ರಿಗೆ ನಾನೇ ಮೂರು ಸಲ ಹೇಳಿದ್ದೆ.”

“ನೀನಾ?”

“ಹೂಂ ಸರ್. ಸುಳ್ಳೇ. ಹಂಗೆ ಹೇಳಿದ್ರೆ ಹುದ್ದೆ ಅರಸೀಕೆರೆಗೇ ಬರುತ್ತೆ ಅಂತ. ನಿಮ್ಮ ಕೈಕೆಳಗೆ ಮೌಸ್ ಹಿಡಿಯೋದು ಕಲಿತೋನು ನಾನು. ನಿಮ್ಮ ಮೇಲೆ ಆಫೀಸರ್ ಆಗಿ ಕೂತ್ಕೊಂಡ್ರೆ ನನಗೇ ಸರಿ ಕಾಣಲ್ಲ. ಅವರೂ ಒಪ್ಪಿದ್ರು. ಬೆಳಿಗ್ಗೆ ಹೊರಡೋವಾಗ ಕೂಡ ಫೋನ್ ಮಾಡಿ, ಮರುಳಪ್ಪನವರಿಗೇ ಆರ್ಡರ್ ಅಂದಿದ್ರು.”

ಮರುಳಪ್ಪ ಕಾಫಿ ಲೋಟವನ್ನು ಕೆಳಗಿಟ್ಟ. ಇಷ್ಟು ವರ್ಷ ಏಸಿಗೆ, ಲ್ಯಾಪ್‌ಟಾಪಿಗೆ, ಮೆಷಿನ್ನಿಗೆ, ಫೋಟೋಕ್ಕೆ ಉರಿದುಕೊಂಡಿದ್ದ. ಈಗ ಒಳ್ಳೇತನದಲ್ಲೂ ಇವನೇ ಮುಂದೆ ಹೋದನಲ್ಲ ಎಂದು ಹೊಟ್ಟೆಯ ಇನ್ನೊಂದು ಮೂಲೆಯಲ್ಲಿ ಹೊಸದಾಗಿ ಹೊತ್ತಿಕೊಂಡಿತು.

“ಅಷ್ಟರಲ್ಲಿ ಇವತ್ತು ಯಾರೋ ಅವ್ರ ಕಿವಿಗೆ ಊದಿದಾರೆ ಸರ್,” ಅಂದ ಭೀಮರಾಜ್. “ಎಲ್ಲಿಗೆ ಬೇಕಾದ್ರೂ ಒಯ್ಯಬಹುದು ಅಂತ. ಹೊಟ್ಟೆಕಿಚ್ಚಿನೋರು ಯಾರೋ ನಿಮ್ಮ ಕಾಲೇಜಲ್ಲೇ ಇದಾರೆ. ಹುಷಾರಾಗಿರ್ಬೇಕು ನೀವು.”

ನೀಲಿ ಪಟ್ಟಿ ಪೂರ್ತಿ ತುಂಬಿ, ಕೆಲಸ ಮುಗಿಯಿತೆಂದು ಸರ್ವರು ಸಣ್ಣಗೆ ಸದ್ದು ಮಾಡಿತು.

“ಇದಾನೆ ಕಣಪ್ಪ ಒಬ್ಬ,” ಅಂದ ಮರುಳಪ್ಪ. “ಹನ್ನೊಂದು ವರ್ಷದಿಂದ ಅವನ ಜೊತೆಗೇ ಏಗ್ತಾ ಇದೀನಿ.”